ತಿಗರಿಯ ಮೇಲೆ ಜೋಡಿಗೋಡೆಯ ಪಾತ್ರೆ: ಎತ್ತುವುದು, ಕೆತ್ತುವುದು, ಸುಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಗೋಡೆಯ ಪಾತ್ರೆಯನ್ನು ತಿಗರಿಯ ಮೇಲೆ ಸರಾಗವಾಗಿ ಎತ್ತಬಲ್ಲವರು ಜೋಡಿಗೋಡೆಯ ಪಾತ್ರೆಗೆ ಕೈಹಾಕಿದಾಗ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಹೊರಗೋಡೆಯಲ್ಲಿ ಏನನ್ನು ಕೆತ್ತಬೇಕೆಂಬುದು ಮಣ್ಣನ್ನು ತೂಗುವ ಮೊದಲೇ ತೀರ್ಮಾನವಾಗಿರಬೇಕು. ಗೋಡೆಯ ದಪ್ಪ, ಗೋಡೆಗಳ ನಡುವಿನ ಸಂದು, ಗಾಳಿರಂಧ್ರ, ಒಣಗಿಸುವ ಕ್ರಮ, ಗ್ಲೇಜ್ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ) ಹಚ್ಚುವ ವಿಧಾನ ಇವೆಲ್ಲವೂ ಆ ತೀರ್ಮಾನವನ್ನು ಅನುಸರಿಸಿ ಬರುತ್ತವೆ.

ಜೋಡಿಗೋಡೆಯ ಪಾತ್ರೆ ಎಂದರೆ ಯಾವುದು?

ಒಳಗೊಂದು ಪೂರ್ಣ ಪಾತ್ರೆ, ಅದರ ಸುತ್ತ ಇನ್ನೊಂದು ಗೋಡೆ, ಎರಡರ ನಡುವೆ ಖಾಲಿ ಸಂದು. ಗೋಡೆಗಳೆರಡೂ ಬಾಯಂಚಿನಲ್ಲಿಯೂ ಸಾಮಾನ್ಯವಾಗಿ ತಳದಲ್ಲಿಯೂ ಒಂದಾಗಿರುತ್ತವೆ. ಹೊರಗೋಡೆಯನ್ನು ಹಾಗೆಯೇ ಮುಚ್ಚಿಟ್ಟರೆ ಅದು ಗಾಳಿ ತುಂಬಿದ ಪೊಳ್ಳು ಪಾತ್ರೆ. ಆರಪಾರ ಕೊರೆದರೆ ಜಾಲಂಧ್ರದ ಪಾತ್ರೆ. ನೀರನ್ನು ಹಿಡಿದಿಡುವ ಕೆಲಸ ಒಳಗೋಡೆಯದಾದ್ದರಿಂದ ಹೊರಗೋಡೆಗೆ ಅಲಂಕಾರದ ಪೂರ್ಣ ಸ್ವಾತಂತ್ರ್ಯ ಸಿಗುತ್ತದೆ. ಇಷ್ಟೆಲ್ಲ ಶ್ರಮಪಟ್ಟು ಎರಡು ಗೋಡೆಗಳನ್ನು ಎತ್ತುವುದು ಈ ಸ್ವಾತಂತ್ರ್ಯಕ್ಕಾಗಿಯೇ.

ಇದು ಇತ್ತೀಚಿನ ಸ್ಟುಡಿಯೋ ಕುಂಬಾರರ ಪ್ರಯೋಗವೇ?

ಅಲ್ಲ. ಇರಾನಿನ ಕಾಶಾನ್ ಪರಂಪರೆಗೆ ಸೇರಿದ, ಹೊರಗೋಡೆಯನ್ನು ಜಾಲದಂತೆ ಕೊರೆದ ವೈಡೂರ್ಯವರ್ಣದ ಹೂಜಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಬರೆದಿರುವ ಹಿಜರಿ 612 ಎಂಬ ವರ್ಷ ಕ್ರಿ.ಶ. 1215–16ಕ್ಕೆ ಸಮನಾಗುತ್ತದೆ. ಚೀನಾದ ಲಾಂಗ್‌ಚುವಾನ್ ಕುಂಬಾರರು ಸೆಲಡಾನ್ ಎಂಬ ನಸುಹಸಿರು ಗ್ಲೇಜಿನ ಎರಡು ಬಟ್ಟಲುಗಳನ್ನು ಒಂದರೊಳಗೊಂದು ಕೂಡಿಸಿ, ಹೊರಬಟ್ಟಲಿನ ತಳದಲ್ಲಿ ತೂತು ಬಿಟ್ಟು ಸುಡುತ್ತಿದ್ದರು. ಕೊರಿಯಾದ ಜೋಸನ್ ಕಾಲದ ಬಿಳಿ ಪೋರ್ಸಲಿನ್ (ಪಿಂಗಾಣಿ) ಜಾಡಿಗಳಲ್ಲಿ ಒಳಗೆ ಸಾದಾ ಜಾಡಿ, ಹೊರಗೆ ಹೂಬಳ್ಳಿಗಳನ್ನು ಕೊರೆದ ಜಾಲದ ಗೋಡೆ ಇರುವ ಮಾದರಿಗಳಿವೆ. 18ನೆಯ ಶತಮಾನದಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಗಾಗಿ ಜಿಂಗ್‌ದೆಝೆನ್‌ನಲ್ಲಿ ತಯಾರಾದ ಹೂದಾನಿಗಳಲ್ಲಿ ಈ ವಿದ್ಯೆ ಪರಾಕಾಷ್ಠೆಗೆ ಹೋಯಿತು. ಅವುಗಳಲ್ಲಿ ಚಿತ್ರಿಸಿದ ಒಳಪಾತ್ರೆ ತಿರುಗುತ್ತದೆ, ಹೊರಗಿನ ಕಿಂಡಿಗಳ ಮೂಲಕ ಚಿತ್ರಗಳು ಒಂದೊಂದಾಗಿ ಕಾಣಿಸುತ್ತವೆ. ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲ. ಆದರೆ ಹಳಬರು ಬಿಟ್ಟ ತಳದ ತೂತು ಏಕೆ ಬೇಕೆಂಬುದನ್ನು ಮಾತ್ರ ಮುಂದೆ ವಿವರವಾಗಿ ನೋಡಲೇಬೇಕಾಗುತ್ತದೆ.

ಇದಕ್ಕೆ ಮುನ್ನ ಎಷ್ಟು ಅಭ್ಯಾಸ ಇರಬೇಕು?

ಸುಮಾರು 15 ಸೆಂಟಿಮೀಟರ್ ಎತ್ತರದ ನೇರ ಕೊಳವೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಎತ್ತಲು ಬರಬೇಕು. ಅಗಲವಾದ ಬಾಯನ್ನು ಎರಡೂ ಕೈಗಳಿಂದ ಅಮುಕಿ ಸುಕ್ಕು ಬೀಳದಂತೆ ಕಿರಿದುಗೊಳಿಸಲೂ ಬರಬೇಕು. ಎರಡನೆಯ ಕೌಶಲವೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ. ಗೋಡೆ ಎತ್ತಬಲ್ಲವರು ಬಹಳ ಮಂದಿ, ಅದನ್ನು ಒಳಕ್ಕೆ ಬಾಗಿಸಿ ನಿಲ್ಲಿಸಬಲ್ಲವರು ಕಡಿಮೆ. ಮೊದಲಿಗೆ ಮಧ್ಯದಲ್ಲಿ ಏನೂ ಇಲ್ಲದ, ಸುತ್ತಲೂ ಮುಚ್ಚಿದ ಪೊಳ್ಳು ಉಂಗುರವನ್ನು ತಿಗರಿಯ ಮೇಲೆ ಮಾಡಿ, ಅದನ್ನು ಅಡ್ಡಕ್ಕೆ ಕತ್ತರಿಸಿ ಗೋಡೆಯ ದಪ್ಪವನ್ನು ನೋಡುವುದು ಒಳ್ಳೆಯ ಅಭ್ಯಾಸ. ಕತ್ತರಿಸದೆ ಉಳಿಸಿಕೊಂಡ ಉಂಗುರ ಏನನ್ನೂ ಕಲಿಸುವುದಿಲ್ಲ.

ಯಾವ ಮಣ್ಣು ಸೂಕ್ತ?

ಕೆತ್ತನೆ ಎಷ್ಟು ಸೂಕ್ಷ್ಮವೋ ಮಣ್ಣೂ ಅಷ್ಟು ನಯವಾಗಿರಬೇಕು. ಒರಟು ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ಬೆರೆತ ಮಣ್ಣಿನಲ್ಲಿ ಚಾಕು ಕಾಳನ್ನು ಎಳೆದುಕೊಂಡು ಹೋಗಿ ಅಂಚಿನಲ್ಲಿ ಗೀರು ಮೂಡಿಸುತ್ತದೆ. ಆದರೆ ಗ್ರಾಗ್ ಇಲ್ಲವೇ ಇಲ್ಲದ ಮಣ್ಣು ಹೆಚ್ಚು ಕುಗ್ಗುತ್ತದೆ, ಬೇಗ ಸೊಟ್ಟಗಾಗುತ್ತದೆ. ಅತಿ ಸಣ್ಣ ಗ್ರಾಗ್ ಇರುವ ಅಥವಾ ಗ್ರಾಗ್ ಇಲ್ಲದ ನಯವಾದ, ಹೆಚ್ಚು ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣು ಕಲಿಯುವವರಿಗೆ ಸರಿಯಾದ ಆಯ್ಕೆ. ಪೋರ್ಸಲಿನ್‌ನಲ್ಲಿ ಕೆತ್ತನೆ ಅತ್ಯಂತ ಚೊಕ್ಕಟವಾಗಿ ಮೂಡುತ್ತದೆ. ಆದರೆ ಹೆಚ್ಚಿನ ಶಾಖದಲ್ಲಿ ಅದು ಮೆದುವಾಗುವುದರಿಂದ ತೂತುಗಳು ಹೆಚ್ಚಿರುವ ಹೊರಗೋಡೆ ತನ್ನ ಭಾರಕ್ಕೆ ತಾನೇ ಕುಸಿಯಬಹುದು. ಮಣ್ಣು ಯಾವುದೇ ಆಗಿರಲಿ, ಅದನ್ನು ಚೆನ್ನಾಗಿ ಮಿದಿದು ಗುಳ್ಳೆಗಳನ್ನು ಹೊರಹಾಕಿರಬೇಕು. ಗೋಡೆಯಲ್ಲಿ ಉಳಿದ ಗುಳ್ಳೆ ಬೇರೆ ಪಾತ್ರೆಯಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು, ಕೆತ್ತುವಾಗ ಮಾತ್ರ ಸರಿಯಾಗಿ ಪಟ್ಟಿಯ ನಡುವೆಯೇ ಬಾಯಿ ತೆರೆಯುತ್ತದೆ.

ಒಂದೇ ಮುದ್ದೆಯಿಂದ ಎತ್ತಬೇಕೇ, ಎರಡು ಪಾತ್ರೆಗಳನ್ನು ಮಾಡಿ ಕೂಡಿಸಬೇಕೇ?

ಎರಡೂ ಕ್ರಮಗಳು ಬಳಕೆಯಲ್ಲಿವೆ. ಒಂದೇ ಮುದ್ದೆಯಿಂದ ಎತ್ತಿದಾಗ ತಳದಲ್ಲಿ ಕೂಡಿಕೆಯೇ ಇರುವುದಿಲ್ಲ, ಬಾಯಂಚಿನಲ್ಲಿ ಒಂದೇ ಒಂದು ಕೂಡಿಕೆ, ಅದೂ ಮಣ್ಣು ಹಸಿಯಾಗಿರುವಾಗಲೇ ಆಗುವುದರಿಂದ ಬಲವಾಗಿರುತ್ತದೆ. ಆದರೆ ಸಂದಿನೊಳಗೆ ಬೆರಳು ಇಳಿಯುವಷ್ಟೇ ಎತ್ತರಕ್ಕೆ ಗೋಡೆ ಎತ್ತಬಹುದು. ಸಾಮಾನ್ಯವಾಗಿ 10ರಿಂದ 12 ಸೆಂಟಿಮೀಟರ್ ಮೀರಿದರೆ ಕೈ ಕಟ್ಟಿಹಾಕಿದಂತಾಗುತ್ತದೆ. ಎತ್ತರದ ಹೂದಾನಿಗೆ, ಒಳಗೂ ಹೊರಗೂ ಬೇರೆ ಬೇರೆ ಆಕಾರ ಬೇಕೆನ್ನುವವರಿಗೆ, ಅಥವಾ ಒಳಗೋಡೆಯ ಹೊರಮೈಗೆ ಬೇರೆ ಬಣ್ಣದ ಸ್ಲಿಪ್ (ನೀರಲ್ಲಿ ಕಲಸಿದ ಮಣ್ಣು) ಹಚ್ಚಬೇಕೆನ್ನುವವರಿಗೆ ಎರಡು ತುಂಡುಗಳ ಕ್ರಮವೇ ಸರಿ. ಬಟ್ಟಲು, ಲೋಟಗಳಿಗೆ ಒಂದೇ ಮುದ್ದೆ ಸಾಕು.

ಒಂದೇ ಮುದ್ದೆಯಿಂದ ಎತ್ತುವ ಕ್ರಮ ಹೇಗೆ?

ಸಣ್ಣ ಬಟ್ಟಲಿಗೆ ಒಂದೂವರೆ ಕಿಲೋ ಮಣ್ಣನ್ನು ತೆಗೆದುಕೊಳ್ಳಬಹುದು. ಅದೇ ಗಾತ್ರದ ಸಾದಾ ಬಟ್ಟಲಿಗೆ ಬೇಕಾಗುವುದರ ಹತ್ತಿರ ಹತ್ತಿರ ಎರಡರಷ್ಟು ಎಂದು ಲೆಕ್ಕ. ತಿಗರಿಯ ಮೇಲಿನ ಹಲಗೆಯಲ್ಲಿ, ಅಂದರೆ ಬ್ಯಾಟಿನ ಮೇಲೆ, ಅದನ್ನು ನಡುವಿಗೆ ತಂದು 4 ಸೆಂಟಿಮೀಟರ್ ದಪ್ಪದ ಅಗಲ ಬಿಲ್ಲೆಯಾಗಿ ಚಪ್ಪಟೆ ಮಾಡಬೇಕು. ಬ್ಯಾಟ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು; ಇಷ್ಟು ಅಗಲದ ಹಸಿ ಪಾತ್ರೆಯನ್ನು ಕೈಯಲ್ಲಿ ಎತ್ತಿಡಲಾಗುವುದಿಲ್ಲ.

ನಡುವೆ ಬಾಯಿ ತೆರೆದು ಒಳತಳವನ್ನು ಸುಮಾರು 8 ಮಿಲಿಮೀಟರ್ ದಪ್ಪಕ್ಕೆ ತಂದು, ಅದನ್ನು ರಿಬ್ಬಿನಿಂದ (ಒತ್ತಿ ನಯಗೊಳಿಸುವ ಚಪ್ಪಟೆ ಪಟ್ಟಿಯಿಂದ) ಚೆನ್ನಾಗಿ ಒತ್ತಬೇಕು. ಈಗ ತಳದ ಸುತ್ತ ದಪ್ಪನೆಯ ಮಣ್ಣಿನ ಉಂಗುರ ಉಳಿದಿರುತ್ತದೆ. ಆ ಉಂಗುರದ ನೆತ್ತಿಯಲ್ಲಿ ಬೆರಳನ್ನು ಒತ್ತಿ ತೋಡು ಇಳಿಸುತ್ತ ಅದನ್ನು ಎರಡು ಉಂಗುರಗಳಾಗಿ ಸೀಳಬೇಕು. ತೋಡು ಉಂಗುರದ ನಟ್ಟನಡುವೆ ಬೀಳಬಾರದು: ಹೊರಗೋಡೆಯ ಸುತ್ತಳತೆ ದೊಡ್ಡದು, ಅದು ಎತ್ತರಕ್ಕೆ ಹೋಗಿ ಮೇಲೆ ಬಾಗಲೂ ಬೇಕು, ಆದ್ದರಿಂದ ಐದು ಪಾಲಿನಲ್ಲಿ ಮೂರು ಪಾಲು ಹೊರಕ್ಕೆ, ಎರಡು ಪಾಲು ಒಳಕ್ಕೆ ಸಿಗುವಂತೆ ತೋಡು ಒಳಗಡೆಗೆ ಸರಿದಿರಲಿ. ತೋಡಿನ ತಳವೂ ಒಳತಳದ ಮಟ್ಟದಲ್ಲಿಯೇ, ಅಷ್ಟೇ ದಪ್ಪಕ್ಕೆ ನಿಲ್ಲಬೇಕು. ಸೂಜಿ ಚುಚ್ಚಿ ಎರಡೂ ಕಡೆ ಅಳೆದು ನೋಡುವುದು ಸಣ್ಣತನವಲ್ಲ.

ಮೊದಲು ಎತ್ತಬೇಕಾದದ್ದು ಒಳಗೋಡೆಯನ್ನು. ಹೊರ ಉಂಗುರ ಇನ್ನೂ ಗಿಡ್ಡವಾಗಿರುವಾಗ ಕೈಗೆ ಜಾಗ ಇರುತ್ತದೆ. ಒಳಗೋಡೆಯನ್ನು ಅದರ ಪೂರ್ಣ ಎತ್ತರಕ್ಕೆ, 4–5 ಮಿಲಿಮೀಟರ್ ದಪ್ಪಕ್ಕೆ ತಂದು, ಆಕಾರವನ್ನೂ ಆಗಲೇ ಮುಗಿಸಬೇಕು, ಏಕೆಂದರೆ ಮುಚ್ಚಿದ ಮೇಲೆ ಅದರ ಹೊರಮೈ ಕೈಗೆ ಸಿಗುವುದಿಲ್ಲ. ಅದರ ಬಾಯಂಚನ್ನು ತುಸು ದಪ್ಪವಾಗಿಯೇ ಬಿಟ್ಟು ಸ್ವಲ್ಪ ಹೊರಕ್ಕೆ ಬಾಗಿಸಿರಬೇಕು. ನಂತರ ಹೊರಗೋಡೆಯನ್ನು ಮೊದಲು ಹೊರಕ್ಕೆ ವಾಲಿಸಿ, ಎರಡು ಬೆರಳು ಸರಾಗವಾಗಿ ಇಳಿಯುವ ಸಂದು ಉಳಿಸಿಕೊಂಡು, ಒಳಗೋಡೆಗಿಂತ ಒಂದೂವರೆ–ಎರಡು ಸೆಂಟಿಮೀಟರ್ ಎತ್ತರಕ್ಕೆ ಎತ್ತಬೇಕು. ಅದರ ದಪ್ಪ 6ರಿಂದ 8 ಮಿಲಿಮೀಟರ್ ಇರಲಿ. ಆಳವಾಗಿ ಕೆತ್ತುವ ಉದ್ದೇಶವಿದ್ದರೆ ಇನ್ನೂ ಒಂದು ಮಿಲಿಮೀಟರ್ ಹೆಚ್ಚಾದರೂ ನಷ್ಟವಿಲ್ಲ.

ಮುಚ್ಚುವ ಮೊದಲು ಸಂದಿನಲ್ಲಿ ನಿಂತ ನೀರನ್ನೂ ಕೆಸರನ್ನೂ ಕೋಲಿಗೆ ಕಟ್ಟಿದ ಸ್ಪಂಜಿನಿಂದ ಪೂರ್ತಿಯಾಗಿ ತೆಗೆಯಬೇಕು. ಇದು ತಪ್ಪಿದರೆ ಒಳಗಿನ ನೀರು ತೋಡಿನ ತಳವನ್ನು ನೆನೆಸುತ್ತಲೇ ಇದ್ದು, ಪಾತ್ರೆಯ ಉಳಿದ ಭಾಗವೆಲ್ಲ ಒಣಗಿದರೂ ಅಲ್ಲಿ ಮಾತ್ರ ಹಸಿ ಉಳಿಯುತ್ತದೆ, ಬಿರುಕೂ ಅಲ್ಲಿಂದಲೇ ಹೊರಡುತ್ತದೆ. ಆಮೇಲೆ ಹೊರಗೋಡೆಯ ಮೇಲ್ಭಾಗವನ್ನು ಎರಡೂ ಕೈಗಳಿಂದ ಹಲವು ಸಲ, ಪ್ರತಿ ಸಲವೂ ತುಸು ತುಸುವೇ, ಒಳಕ್ಕೆ ಅಮುಕುತ್ತ ಬಂದು, ಅದರ ತುದಿಯನ್ನು ಒಳಗೋಡೆಯ ಅಂಚಿನ ಮೇಲೆ ಮಲಗಿಸಿ, ಬೆರಳಿನಿಂದ ಬೆಸೆದು, ಕೊನೆಗೆ ರಿಬ್ಬಿನಿಂದ ಒತ್ತಿ ಒಂದೇ ದುಂಡನೆಯ ಅಂಚಾಗಿಸಬೇಕು.

ಕೂಡಿಸುವಾಗ ಹೊರಗೋಡೆ ಸುಕ್ಕುಗಟ್ಟುತ್ತದೆ ಅಥವಾ ಕುಸಿಯುತ್ತದೆ. ಏನು ಮಾಡಬೇಕು?

ಸುಕ್ಕು ಬೀಳುವುದು ಒಂದೇ ಸಲಕ್ಕೆ ಹೆಚ್ಚು ಅಮುಕಿದ್ದಕ್ಕೆ ಅಥವಾ ಅಂಚು ತೀರ ತೆಳುವಾದದ್ದಕ್ಕೆ. ಬಾಯಿ ಕಿರಿದಾದಂತೆ ಮಣ್ಣು ದಪ್ಪಗಾಗುತ್ತದೆ, ಆ ದಪ್ಪವನ್ನು ಮತ್ತೆ ಮೇಲೆತ್ತಿ ತೆಳುಮಾಡಿ ಮುಂದಿನ ಸಲ ಅಮುಕಬೇಕು. ಕುಸಿಯುವುದು ಬಹುಪಾಲು ನೀರು ಹೆಚ್ಚಾದದ್ದಕ್ಕೆ. ಈ ಹಂತದಲ್ಲಿ ನೀರಿನ ಬದಲು ಕೈಗೆ ಮೆತ್ತಿದ ಕೆಸರನ್ನೇ ಜಾರಿಕೆಗೆ ಬಳಸಿದರೆ ಗೋಡೆಯ ಬಿಗಿ ಉಳಿಯುತ್ತದೆ. ಹೇರ್ ಡ್ರೈಯರ್ ಹಿಡಿದು ಹೊರಮೈಯನ್ನು ಸ್ವಲ್ಪ ಆರಿಸಿಕೊಳ್ಳುವವರೂ ಇದ್ದಾರೆ. ಅಂಚಿಗೆ ಮಾತ್ರ ಆ ಬಿಸಿಗಾಳಿ ತಾಗಬಾರದು, ತಾಗಿದರೆ ಕೂಡಿಕೆ ಹಿಡಿಯುವುದಿಲ್ಲ.

ಮುಚ್ಚಿದ ಮೇಲೆ ಒಂದು ಅನುಕೂಲ ತಾನಾಗಿ ಸಿಗುತ್ತದೆ. ಒಳಗೆ ಸಿಕ್ಕಿದ ಗಾಳಿ ಹೊರಗೋಡೆಗೆ ಒಳಗಿನಿಂದ ಆಸರೆಯಾಗುವುದರಿಂದ ರಿಬ್ಬಿನಿಂದ ಹೊರಮೈಯನ್ನು ಧೈರ್ಯವಾಗಿ ತಿದ್ದಬಹುದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ ಎಂಬುದು ಮಾತ್ರ ನೆನಪಿರಲಿ.

ಸಂದಿನಲ್ಲಿ ಗಾಳಿ ಸಿಕ್ಕಿಕೊಂಡರೆ ಪಾತ್ರೆ ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಸಿಡಿಯುತ್ತದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಮೊದಲ ಸುಡುವಿಕೆಯಲ್ಲಿ ಪಾತ್ರೆಗಳನ್ನು ಚೂರು ಮಾಡುವುದು ಬಹುಮಟ್ಟಿಗೆ ಗಾಳಿಯಲ್ಲ, ನೀರು. ಮಣ್ಣಿನಲ್ಲಿ ಉಳಿದ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚಾಗುತ್ತದೆ, ಹೊರಹೋಗಲು ದಾರಿ ಸಾಲದಿದ್ದರೆ ಗೋಡೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಗಾಳಿಯಾದರೋ ಕೋಣೆಯ ತಾಪದಿಂದ 1,000 ಡಿಗ್ರಿಗೆ ಕಾದಾಗ ಹಿಗ್ಗುವುದು ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಅಷ್ಟೇ. ಗ್ಲೇಜ್ ಇಲ್ಲದ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಅದು ನಿಧಾನವಾಗಿ ನುಸುಳಿಹೋಗಲೂಬಲ್ಲದು. ಮುಚ್ಚಿದ ಸಂದಿನಲ್ಲಿ ಒಣಗುವಿಕೆ ನಿಧಾನವಾಗಿರುವುದರಿಂದ ಹಸಿ ಉಳಿಯುವ ಸಂಭವ ಹೆಚ್ಚು, ಆದ್ದರಿಂದ ಸಿಡಿಯುವ ಸಂಭವವೂ ಹೆಚ್ಚು. ಜನ ನೋಡಿದ್ದು ಇದನ್ನು, ತಪ್ಪು ಹೊರಿಸಿದ್ದು ಗಾಳಿಯ ಮೇಲೆ.

ಹಾಗೆಂದು ಗಾಳಿಯನ್ನು ಕಡೆಗಣಿಸುವಂತಿಲ್ಲ. ಅದು ತೊಂದರೆ ಕೊಡುವುದು ಬೇರೆ ಎರಡು ಹಂತಗಳಲ್ಲಿ. ಒಣಗುವಾಗ ಪಾತ್ರೆ ಎಲ್ಲ ದಿಕ್ಕಿನಲ್ಲಿಯೂ 6 ಪ್ರತಿಶತ ಕುಗ್ಗಿತೆಂದರೆ ಸಂದಿನ ಗಾತ್ರ ಸುಮಾರು 17 ಪ್ರತಿಶತ ಕಡಿಮೆಯಾಗುತ್ತದೆ. ಒಳಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಅದು ಗೋಡೆಯ ಕುಗ್ಗುವಿಕೆಗೆ ಎದುರುನಿಂತು ಅಂಚಿನ ಕೂಡಿಕೆಯನ್ನು ಬಿಚ್ಚಿಸುತ್ತದೆ. ಎರಡನೆಯದು ಗ್ಲೇಜ್ ಸುಡುವ ಹಂತ: 1,200 ಡಿಗ್ರಿಯ ಆಸುಪಾಸಿನಲ್ಲಿ ಸ್ಟೋನ್‌ವೇರ್ ಮಣ್ಣಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಗೋಡೆ ಸ್ವಲ್ಪ ಮೆದುವಾಗುತ್ತದೆ, ಮೇಲೆ ಕರಗಿದ ಗ್ಲೇಜಿನ ಪದರವೂ ಇರುತ್ತದೆ. ಆಗ ಐದು ಪಟ್ಟು ಹಿಗ್ಗಲು ಹವಣಿಸುವ ಗಾಳಿ ಹೊರಗೋಡೆಯನ್ನು ಉಬ್ಬಿಸಿಬಿಡುತ್ತದೆ.

ಹಾಗಾದರೆ ಗಾಳಿರಂಧ್ರವನ್ನು ಯಾವಾಗ, ಎಲ್ಲಿ ಮಾಡಬೇಕು?

ಎತ್ತಿದ ಕೂಡಲೇ ಚುಚ್ಚಿದರೆ ಒಳಗಿನ ಆಸರೆ ತಪ್ಪಿ ಹೊರಗೋಡೆ ಜಗ್ಗುತ್ತದೆ. ಲೆದರ್‌ಹಾರ್ಡ್ ಹದ (ತೊಗಲಿನಂತೆ ಬಿಗಿಯಾದ ಅರೆಒಣ ಸ್ಥಿತಿ) ದಾಟುವವರೆಗೆ ಬಿಟ್ಟರೆ ಅಷ್ಟರಲ್ಲಿ ಬಿರುಕು ಬಂದಿರಬಹುದು. ಪಾತ್ರೆ ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುವಷ್ಟು ಬಿಗಿಯಾದ ತಕ್ಷಣ ಸೂಜಿಯಿಂದ ಚುಚ್ಚಿ, ಹೆರೆಯುವ ಹೊತ್ತಿಗೆ ಅದನ್ನು 2–3 ಮಿಲಿಮೀಟರ್‌ಗೆ ಹಿಗ್ಗಿಸುವುದು ಸರಿಯಾದ ಕ್ರಮ. ಜಾಗ ತಳದಲ್ಲಿ, ಸಂದಿನ ನೇರ ಕೆಳಗೆ, ಪಾದದ ಉಂಗುರದ ಒಳಬದಿಯಲ್ಲಿ ಇದ್ದರೆ ಕಣ್ಣಿಗೆ ಬೀಳುವುದಿಲ್ಲ. ರಂಧ್ರ ಪಾದದ ಉಂಗುರದ ಕೆಳಗೇ ಬಂದರೆ ಆವಿಗೆಯ ಒಳಹಲಗೆಗೆ ಅಂಟಿಕೊಂಡು ಮುಚ್ಚಿಹೋಗುತ್ತದೆ. ಹೊರಗೋಡೆಯಲ್ಲಿ ಜಾಲಂಧ್ರ ಕೊರೆಯುವುದಾದರೆ ಬೇರೆ ಗಾಳಿರಂಧ್ರ ಬೇಕಿಲ್ಲ. ಆದರೆ ಕೆತ್ತುವುದು ನಾಳೆಗೋ ನಾಡಿದ್ದಿಗೋ ಹೋಗುವುದಾದರೆ ಕೊರೆಯಬೇಕಾದ ಜಾಗದಲ್ಲಿಯೇ ಇಂದು ಒಂದು ಸೂಜಿ ಚುಚ್ಚಿಟ್ಟಿರಬೇಕು.

ಎರಡು ತುಂಡುಗಳ ಕ್ರಮದಲ್ಲಿ ಅಳತೆ ಹೊಂದಿಸುವುದು ಹೇಗೆ?

ಒಳಪಾತ್ರೆಯ ಬಾಯಿಯನ್ನು ಹೊರಕ್ಕೆ ಚಾಚಿದ ಚಪ್ಪಟೆ ಅಂಚಿನೊಂದಿಗೆ ಎತ್ತಬೇಕು. ಹೊರಪಾತ್ರೆಯ ಬಾಯಿ ಆ ಅಂಚನ್ನು ಹೊರುವಷ್ಟು ಅಗಲವಿರಬೇಕು. ಎರಡನ್ನೂ ಹಸಿಯಾಗಿರುವಾಗಲೇ ಕ್ಯಾಲಿಪರ್‌ನಿಂದ ಅಳೆದುಕೊಳ್ಳಬೇಕು. ಒಂದು ಸ್ವಲ್ಪ ಒಣಗಿದ ಮೇಲೆ ಇನ್ನೊಂದನ್ನು ಅಳತೆಗೆ ಎತ್ತಿದರೆ ಕುಗ್ಗುವಿಕೆಯ ವ್ಯತ್ಯಾಸದಿಂದ ಲೆಕ್ಕ ತಪ್ಪುತ್ತದೆ. ಒಂದೇ ಚೀಲದ ಮಣ್ಣನ್ನು ಬಳಸಿ, ಒಂದೇ ದಿನ ಎತ್ತಿ, ಒಂದೇ ಪ್ಲಾಸ್ಟಿಕ್ ಹೊದಿಕೆಯಡಿ ಇಟ್ಟು, ಎರಡೂ ಲೆದರ್‌ಹಾರ್ಡ್ ಹದಕ್ಕೆ ಬಂದಾಗ ಕೂಡಿಸಬೇಕಾದ ಮೈಗಳಲ್ಲಿ ಗೀರು ಹಾಕಿ, ಅದೇ ಮಣ್ಣಿನ ಗಟ್ಟಿ ಸ್ಲಿಪ್ ಹಚ್ಚಿ ಒತ್ತಬೇಕು. ಕೂಡಿಸುವ ಮೊದಲು ಹೊರಪಾತ್ರೆಯ ತಳದಲ್ಲಿ ರಂಧ್ರ ಇದ್ದೇ ಇರಬೇಕು, ಇಲ್ಲದಿದ್ದರೆ ಒಳಪಾತ್ರೆಯನ್ನು ಇಳಿಸುವಾಗಲೇ ಗಾಳಿ ಎದುರೊತ್ತುತ್ತದೆ. ಒಳಪಾತ್ರೆಯ ತಳ ಹೊರತಳಕ್ಕೆ ತಾಗದೆ ತೂಗುವಂತೆಯೂ ಮಾಡಬಹುದು, ತಾಗಿ ಕೂಡುವಂತೆಯೂ ಮಾಡಬಹುದು. ತಾಗಿಯೂ ಬೆಸೆಯದ ಸ್ಥಿತಿ ಮಾತ್ರ ಬೇಡ.

ಕೆತ್ತಲು ಸರಿಯಾದ ಹದ ಯಾವುದು?

ಬೆರಳಿನಿಂದ ಒತ್ತಿದರೆ ಗೋಡೆ ಬಾಗಬಾರದು, ಚಾಕು ಹಾಯಿಸಿದರೆ ಸುರುಳಿ ಏಳಬೇಕು. ಚಾಕುವಿಗೆ ಮಣ್ಣು ಮೆತ್ತಿಕೊಂಡು ಅಂಚಿನಲ್ಲಿ ಮುದ್ದೆ ಉಳಿದರೆ ಇನ್ನೂ ಹಸಿ. ಪುಡಿ ಉದುರಿ ಮೂಲೆಗಳು ಚಕ್ಕೆಯೆದ್ದರೆ ಹದ ಮೀರಿದೆ. ಮೇಲ್ಮೈಯನ್ನು ಮಾತ್ರ ಕೆತ್ತುವ ಉಬ್ಬುಚಿತ್ರ, ಉದ್ದಗೆರೆಗಳು, ಮುಖಗಳನ್ನು ತೆಗೆಯುವುದು ಇತ್ಯಾದಿಗಳನ್ನು ತುಸು ಹಸಿ ಹೆಚ್ಚಿರುವಾಗ ಮಾಡಬಹುದು. ಆರಪಾರ ಕೊರೆಯುವುದಕ್ಕೆ ಗೋಡೆ ಇನ್ನೂ ಸ್ವಲ್ಪ ಬಿಗಿಯಾಗಿದ್ದರೆ ಒಳ್ಳೆಯದು. ಕೆತ್ತನೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುವುದರಿಂದ ಕೈಯಾಡದ ಭಾಗವನ್ನು ಒದ್ದೆ ಬಟ್ಟೆ ಮತ್ತು ಪ್ಲಾಸ್ಟಿಕ್‌ನಿಂದ ಮುಚ್ಚಿ, ಕೆಲಸ ಮಾಡುತ್ತಿರುವ ಭಾಗದ ಮೇಲೆ ಆಗಾಗ ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಹೊರಮೈಯನ್ನು ಹೆರೆದು ಪಾದ ತೆಗೆಯುವ ಕೆಲಸ ಕೆತ್ತನೆಗೆ ಮೊದಲೇ ಮುಗಿದಿರಲಿ, ಜಾಲವಾದ ಗೋಡೆಯನ್ನು ತಲೆಕೆಳಗಾಗಿ ತಿಗರಿಯ ಮೇಲೆ ಬಿಗಿಯುವುದು ಅಪಾಯ.

ವಿನ್ಯಾಸವನ್ನು ಗುರುತಿಸುವಾಗ ಏನನ್ನು ಗಮನಿಸಬೇಕು?

ಪಾತ್ರೆಯನ್ನು ತಿಗರಿಯ ನಡುವಿಗಿಟ್ಟು ನಿಧಾನವಾಗಿ ತಿರುಗಿಸುತ್ತ ಪೆನ್ಸಿಲಿನಿಂದ ಅಡ್ಡಗೆರೆಗಳನ್ನು ಹಾಕಿ, ಸುತ್ತಳತೆಯನ್ನು ಕಾಗದದ ಪಟ್ಟಿಯಿಂದ ಅಳೆದು ಪಟ್ಟಿಯನ್ನೇ ಮಡಿಸಿ ಸಮಪಾಲು ಮಾಡಿದರೆ ಲಂಬಗೆರೆಗಳೂ ಸಿಗುತ್ತವೆ. ಪೆನ್ಸಿಲಿನ ಗೆರೆ ಆವಿಗೆಯಲ್ಲಿ ಸುಟ್ಟುಹೋಗುತ್ತದೆ.

ಬಾಯಂಚಿನ ಕೆಳಗೆ ಒಂದು, ತಳದ ಮೇಲೆ ಒಂದು, ಹೀಗೆ ಕನಿಷ್ಠ ಒಂದೂವರೆ ಸೆಂಟಿಮೀಟರ್ ಅಗಲದ ಎರಡು ಅಖಂಡ ಪಟ್ಟಿಗಳನ್ನು ಕೊರೆಯದೆ ಬಿಡಬೇಕು. ಇಡೀ ಜಾಲ ಇವೆರಡರ ನಡುವೆ ನಿಲ್ಲುವಂಥದು. ತೂತುಗಳ ನಡುವಿನ ಮಣ್ಣಿನ ಪಟ್ಟಿ ಗೋಡೆಯ ದಪ್ಪಕ್ಕಿಂತ ಕಿರಿದಾಗಬಾರದು. ಅದಕ್ಕಿಂತ ಮುಖ್ಯವಾದದ್ದು ಭಾರ ಇಳಿಯುವ ದಾರಿ: ಮೇಲಿನ ಅಂಚಿನಿಂದ ತಳದವರೆಗೆ ಓರೆಯಾಗಿಯೋ ನೇರವಾಗಿಯೋ ಮಣ್ಣಿನ ಪಟ್ಟಿ ಎಲ್ಲಿಯೂ ಕಡಿಯದೆ ಸಾಗಿರಬೇಕು. ಓರೆಗೆರೆಗಳು ಹೆಣೆದ ಜಾಲ, ಬಳ್ಳಿ, ಜೇನುಗೂಡಿನ ಮನೆಗಳು ಚೆನ್ನಾಗಿ ನಿಲ್ಲುವುದು ಈ ಕಾರಣಕ್ಕೆ. ಅಡ್ಡಕ್ಕೆ ಉದ್ದನೆಯ ಸೀಳುಗಳನ್ನು ಸಾಲಾಗಿ ಕೊರೆದರೆ ಅವುಗಳ ಮೇಲಿನ ಪಟ್ಟಿ ಸುಡುವಾಗ ಜಗ್ಗುತ್ತದೆ. ಚೂಪಾದ ಒಳಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಆದ್ದರಿಂದ ಚೌಕವನ್ನು ಕೊರೆದರೂ ಮೂಲೆಯನ್ನು ಕೂದಲೆಳೆಯಷ್ಟಾದರೂ ದುಂಡಗೆ ಮಾಡಬೇಕು.

ಎಲ್ಲೆಡೆ ಕೊರೆಯಲೇಬೇಕೆಂಬ ನಿಯಮವೂ ಇಲ್ಲ. ಒಂದು ಬದಿಯಲ್ಲಿ ಮಾತ್ರ ಕಿಂಡಿಗಳು ತೆರೆದು ಉಳಿದ ಗೋಡೆ ಸಾದಾ ಇರುವ ಪಾತ್ರೆಗಳು, ಸುತ್ತಲೂ ತೂತು ತುಂಬಿದ ಪಾತ್ರೆಗಳಿಗಿಂತ ಹೆಚ್ಚು ಕಣ್ಣು ಸೆಳೆಯುತ್ತವೆಂದು ನನಗೆ ತೋರುತ್ತದೆ. ಒಳಗೋಡೆಯ ಕತ್ತಲು ಅಲ್ಲಿ ಎದ್ದು ಕಾಣುತ್ತದೆ.

ಕೊರೆಯುವಾಗ ಒಳಗೋಡೆಗೆ ಚಾಕು ತಾಗದಂತೆ ಹೇಗೆ ನೋಡಿಕೊಳ್ಳುವುದು?

ಸಂದು ಒಂದು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಷ್ಟು ಎಚ್ಚರವಿದ್ದರೂ ಕಷ್ಟ. ಒಂದೂವರೆ ಸೆಂಟಿಮೀಟರ್ ಇದ್ದರೆ ನಿರಾಳ. ಚಾಕುವಿನ ತುದಿಯಿಂದ ಗೋಡೆಯ ದಪ್ಪಕ್ಕಿಂತ 2–3 ಮಿಲಿಮೀಟರ್ ಮೇಲೆ ಟೇಪಿನ ತುಂಡನ್ನು ಸುತ್ತಿಕೊಂಡರೆ ಅದೇ ತಡೆಯಾಗುತ್ತದೆ. ಪ್ರತಿ ಕಿಂಡಿಯ ನಡುವೆ ಮೊದಲು ಸಣ್ಣ ತೂತು ಕೊರೆದು, ಅಲ್ಲಿಂದ ಗೆರೆಯ ಕಡೆಗೆ ಕತ್ತರಿಸುತ್ತ ಬರಬೇಕು. ಗೆರೆಯ ಮೇಲೆಯೇ ಚಾಕು ಇಟ್ಟು ಒಂದೇ ಸಲ ಒತ್ತಿದರೆ ಪಕ್ಕದ ಪಟ್ಟಿಗೆ ಪೆಟ್ಟಾಗುತ್ತದೆ. ಒಂದೇ ಕಡೆ ಎಲ್ಲ ಕಿಂಡಿಗಳನ್ನೂ ಮುಗಿಸಿ ಮುಂದೆ ಹೋಗುವ ಬದಲು ಎದುರುಬದುರಾಗಿ ಕೊರೆಯುತ್ತ ಹೋದರೆ ಗೋಡೆ ಒಂದೇ ಬದಿಗೆ ದುರ್ಬಲವಾಗುವುದಿಲ್ಲ. ದೊಡ್ಡ ಕಿಂಡಿಗಳನ್ನು ಕೊನೆಗೆ ಉಳಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಕಿಂಡಿಯ ಅಂಚನ್ನು ಹೊರಕ್ಕೆ ಓರೆಯಾಗಿ ಹೆರೆದರೆ ಗೋಡೆ ದಪ್ಪವಿದ್ದರೂ ನೋಟಕ್ಕೆ ಹಗುರವಾಗಿ ಕಾಣುತ್ತದೆ.

ಕೊರೆದ ಚೂರುಗಳು ಸಂದಿನೊಳಗೆ ಬೀಳುತ್ತವಲ್ಲ?

ಬೀಳುತ್ತವೆ, ಮತ್ತು ಅಂದೇ ತೆಗೆಯದಿದ್ದರೆ ಅಲ್ಲೇ ಅಂಟಿಕೊಳ್ಳುತ್ತವೆ. ತೂತು ಪೂರ್ತಿಯಾಗುವ ಮೊದಲು ಬಿಲ್ಲೆಗೆ ಸೂಜಿ ಚುಚ್ಚಿ ಹಿಡಿದರೆ ಅದನ್ನು ಹೊರಕ್ಕೆಳೆಯಬಹುದು. ಒಳಕ್ಕೆ ಬಿದ್ದದ್ದನ್ನು ಪಾತ್ರೆ ವಾಲಿಸಿ ದೊಡ್ಡ ಕಿಂಡಿಯಿಂದ ಉದುರಿಸಬೇಕು, ಉಳಿದದ್ದನ್ನು ಒದ್ದೆ ಕುಂಚದಿಂದ ಒತ್ತಿ ತೆಗೆಯಬೇಕು. ಪೂರ್ತಿ ಒಣಗಿದ ಮೇಲೆ ಅಂಚುಗಳನ್ನು ಉಜ್ಜುವವರು ಒಣಧೂಳಿನಲ್ಲಿ ಸಿಲಿಕಾ ಇರುತ್ತದೆಂಬುದನ್ನು ಮರೆಯಬಾರದು. ಅದು ಶ್ವಾಸಕೋಶದಲ್ಲಿ ಉಳಿದು ವರ್ಷಗಳ ನಂತರ ತೊಂದರೆ ಕೊಡುವಂಥದು. ಧೂಳು ತಡೆಯುವ ಮುಖವಾಡ ಧರಿಸಬೇಕು, ಅದಕ್ಕಿಂತ ಉತ್ತಮವೆಂದರೆ ಒದ್ದೆ ಸ್ಪಂಜಿನಿಂದಲೇ ಅಂಚನ್ನು ನಯಮಾಡಿ ಧೂಳೇ ಏಳದಂತೆ ನೋಡಿಕೊಳ್ಳುವುದು.

ಒಣಗುವಾಗ ಅಂಚಿನ ಬಳಿ ಬಿರುಕು ಬರುವುದೇಕೆ?

ಎರಡು ಗೋಡೆಗಳು ಎರಡು ವೇಗದಲ್ಲಿ ಕುಗ್ಗಿ, ಕೂಡಿಕೊಂಡಿರುವ ಜಾಗವನ್ನು ಎಳೆದಾಡುವುದರಿಂದ. ಜಾಲಂಧ್ರವಿರುವ ಹೊರಗೋಡೆಗೆ ಎಲ್ಲ ಕಡೆಯಿಂದ ಗಾಳಿ ತಾಗಿ ಅದು ಬೇಗ ಒಣಗುತ್ತದೆ. ಒಳಗೋಡೆ ಮತ್ತು ದಪ್ಪ ತಳ ಹಿಂದೆ ಉಳಿಯುತ್ತವೆ. ಆದ್ದರಿಂದ ಕೆತ್ತಿದ ಭಾಗವನ್ನು ಸುತ್ತಲೂ ಪ್ಲಾಸ್ಟಿಕ್‌ನಿಂದ ಹೊದಿಸಿ, ಪಾತ್ರೆಯ ಬಾಯಿಯನ್ನು ಮಾತ್ರ ತೆರೆದಿಟ್ಟು, ಒಳಗೋಡೆ ಮುಂದೆ ಬರುವಂತೆ ಮಾಡಬೇಕು. ಮೊದಲ ಕೆಲವು ದಿನಗಳ ನಂತರ ಹೊದಿಕೆಯನ್ನು ದಿನಕ್ಕಿಷ್ಟೆಂದು ಸಡಿಲಿಸುತ್ತ ಒಂದರಿಂದ ಎರಡು ವಾರಗಳ ಕಾಲ ಒಣಗಿಸಿದರೆ ಹೆಚ್ಚಿನ ಬಿರುಕುಗಳು ಬರುವುದೇ ಇಲ್ಲ. ಬಿಸಿಲಿಗಾಗಲಿ ಫ್ಯಾನಿನ ಕೆಳಗಾಗಲಿ ಇಡಲೇಬಾರದು. ತಳದ ನಡುವೆ ಸುರುಳಿಯಂಥ ಬಿರುಕು ಬಂದರೆ ಅದು ಒಣಗಿಸಿದ ತಪ್ಪಲ್ಲ, ತಿಗರಿಯ ಮೇಲೆ ತಳವನ್ನು ಸಾಕಷ್ಟು ಒತ್ತದೆ ಬಿಟ್ಟದ್ದರ ಫಲ.

ಸುಡುವಾಗ ವಿಶೇಷ ಎಚ್ಚರ ಬೇಕೇ?

ಮೊದಲ ಸುಡುವಿಕೆಯಲ್ಲಿ 80–90 ಡಿಗ್ರಿಯಲ್ಲಿ ಹಲವು ಗಂಟೆಗಳ ಕಾಲ ತಡೆಹಿಡಿದು, ಆವಿಗೆಯ ಕಿಂಡಿ ತೆರೆದಿಟ್ಟು, ಸಂದಿನಲ್ಲಿ ಅಡಗಿದ ತೇವ ಪೂರ್ತಿ ಹೊರಹೋದ ಮೇಲೆಯೇ 100 ಡಿಗ್ರಿ ದಾಟಬೇಕು. ಅಲ್ಲಿಂದ 600 ಡಿಗ್ರಿಯವರೆಗೆ ಗಂಟೆಗೆ 100 ಡಿಗ್ರಿಗಿಂತ ವೇಗ ಬೇಡ, ಏಕೆಂದರೆ ಮಣ್ಣಿನಲ್ಲಿ ರಾಸಾಯನಿಕವಾಗಿ ಬೆಸೆದ ನೀರು ಬಿಡುಗಡೆಯಾಗುವುದು ಈ ಹಾದಿಯಲ್ಲಿ, ಕ್ವಾರ್ಟ್ಜ್ ಹರಳುಗಳು ಥಟ್ಟನೆ ಹಿಗ್ಗುವ 573 ಡಿಗ್ರಿಯ ಘಟ್ಟವೂ ಇಲ್ಲಿಯೇ ಬರುತ್ತದೆ. ತಣಿಯುವಾಗ ಅದೇ ಘಟ್ಟದಲ್ಲಿ ಹರಳುಗಳು ಥಟ್ಟನೆ ಕುಗ್ಗುತ್ತವೆ. ಒಳಗೋಡೆಗಿಂತ ಹೊರಗೋಡೆ ಬೇಗ ತಣಿಯುವ ಪಾತ್ರೆಯಾದ್ದರಿಂದ ಆವಿಗೆಯ ಬಾಗಿಲನ್ನು ಬೇಗ ತೆರೆಯುವ ಆತುರ ಇಲ್ಲಿ ದುಬಾರಿಯಾಗುತ್ತದೆ.

ಗ್ಲೇಜ್ ಹಚ್ಚುವ ಸುಲಭ ವಿಧಾನ ಯಾವುದು?

ಮುಚ್ಚಿದ ಪಾತ್ರೆಗೆ ಒಳಗಡೆ ಗ್ಲೇಜ್ ಸುರಿದು ಹೊರಚೆಲ್ಲಿ, ಒಂದು ದಿನ ಆರಲು ಬಿಟ್ಟು, ಆಮೇಲೆ ಹೊರಮೈಯನ್ನು ಅದ್ದಬಹುದು. ಗಾಳಿರಂಧ್ರಕ್ಕೆ ಮೊದಲೇ ಮೇಣ ಹಚ್ಚಿ, ಅದ್ದಿದ ನಂತರ ಅದು ತೆರೆದೇ ಇದೆಯೇ ಎಂದು ಸೂಜಿಯಿಂದ ನೋಡಬೇಕು. ಜಾಲಂಧ್ರದ ಪಾತ್ರೆಯನ್ನು ಅದ್ದಿದರೆ ಸಂದಿನಲ್ಲಿ ಗ್ಲೇಜ್ ತುಂಬಿಕೊಂಡು, ಸುಡುವಾಗ ತಳದಲ್ಲಿ ಕೊಳದಂತೆ ನಿಂತು, ತಣಿಯುವಾಗ ತಳವನ್ನು ಸೀಳುವುದೂ ಉಂಟು. ಇಂಥ ಪಾತ್ರೆಗೆ ಸಿಂಪಡಿಸುವುದೇ ಉತ್ತಮ, ಇಲ್ಲವೇ ಕುಂಚದಿಂದ ತೆಳುವಾಗಿ ಹಚ್ಚಬೇಕು. ಸಂದಿನ ಒಳಮೈಯನ್ನು ಗ್ಲೇಜ್ ಇಲ್ಲದೆ ಬಿಟ್ಟರೂ ಯಾವ ಕೊರತೆಯೂ ಇಲ್ಲ. ಸೆಲಡಾನಿನಂತಹ ಪಾರದರ್ಶಕ ಗ್ಲೇಜ್ ಕೆತ್ತನೆಯ ತಗ್ಗಿನಲ್ಲಿ ದಪ್ಪವಾಗಿ ನಿಂತು ಗಾಢವಾಗಿಯೂ ಉಬ್ಬಿನಲ್ಲಿ ತೆಳುವಾಗಿಯೂ ಕಾಣುವುದರಿಂದ ಕೆತ್ತನೆಯ ಗೆರೆಗಳನ್ನು ಅದೇ ಎತ್ತಿ ತೋರಿಸುತ್ತದೆ. ದಪ್ಪನೆಯ ಅಪಾರದರ್ಶಕ ಗ್ಲೇಜ್ ಆ ಗೆರೆಗಳನ್ನು ಹೂತುಬಿಡುತ್ತದೆ, 3 ಮಿಲಿಮೀಟರಿಗಿಂತ ಸಣ್ಣ ತೂತುಗಳನ್ನು ಮುಚ್ಚಿಯೂ ಬಿಡಬಹುದು.

ಜೋಡಿಗೋಡೆಯ ಲೋಟದಲ್ಲಿ ಪಾನೀಯ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆಯೇ?

ಮುಚ್ಚಿದ ಗೋಡೆಯಿದ್ದರೆ ಸ್ವಲ್ಪಮಟ್ಟಿಗೆ ಹೌದು. ನಿಶ್ಚಲ ಗಾಳಿ ಸುಟ್ಟ ಮಣ್ಣಿಗಿಂತ ಹತ್ತಾರು ಪಟ್ಟು ಕಡಿಮೆ ಶಾಖವನ್ನು ದಾಟಿಸುತ್ತದೆ. ಆದರೆ ಇದು ಗಾಳಿಯನ್ನೇ ಹೊರತೆಗೆದ ಥರ್ಮಾಸ್ ಫ್ಲಾಸ್ಕ್ ಅಲ್ಲ. ಬಾಯಂಚಿನಲ್ಲಿಯೂ ತಳದಲ್ಲಿಯೂ ಗೋಡೆಗಳು ಕೂಡಿರುವುದರಿಂದ ಶಾಖ ಅಲ್ಲಿಂದ ಹಾದುಹೋಗುತ್ತದೆ, ತೆರೆದ ಬಾಯಿಂದ ಹೋಗುವುದು ಇನ್ನೂ ಹೆಚ್ಚು. ಸಂದು ಅಗಲವಾದಷ್ಟೂ ಒಳ್ಳೆಯದೆಂಬುದೂ ಸರಿಯಲ್ಲ, ಹೆಚ್ಚು ಅಗಲವಾದರೆ ಒಳಗಿನ ಗಾಳಿಯೇ ಸುತ್ತು ಹೊಡೆಯುತ್ತ ಶಾಖವನ್ನು ಸಾಗಿಸತೊಡಗುತ್ತದೆ. ಜಾಲಂಧ್ರದ ಲೋಟದಲ್ಲಿ ಬಿಸಿ ಉಳಿಯುವ ಲಾಭ ಬಹುತೇಕ ಇಲ್ಲ, ಬೆರಳು ಸುಡದೆ ಹಿಡಿಯಬಹುದೆಂಬ ಲಾಭವಿದೆ.

ಇಂತಹ ಪಾತ್ರೆಯನ್ನು ಡಿಶ್‌ವಾಷರ್, ಮೈಕ್ರೋವೇವ್‌ಗಳಲ್ಲಿ ಬಳಸಬಹುದೇ?

ತಳದಲ್ಲಿ ತೆರೆದ ರಂಧ್ರವಿರುವ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿದರೆ ಸಂದಿನೊಳಗೆ ನೀರು ಸೇರುತ್ತದೆ, ಹೊರಬರಲು ದಿನಗಳೇ ಹಿಡಿಯುತ್ತವೆ. ಆ ನೀರಿನೊಂದಿಗೆ ಮೈಕ್ರೋವೇವ್‌ನಲ್ಲಿ ಇಟ್ಟರೆ ಆವಿಯ ಒತ್ತಡದಿಂದ ಪಾತ್ರೆ ಒಡೆಯಬಹುದು. ಎರಡನೆಯ ಸುಡುವಿಕೆ ಮುಗಿದ ಮೇಲೆ ರಂಧ್ರವನ್ನು ಸಿಲಿಕೋನ್ ಅಂಟಿನಿಂದ ಮುಚ್ಚುವುದು ಬಳಕೆಯಲ್ಲಿರುವ ಪರಿಹಾರ. ಆಗ ತೊಳೆಯುವ ಚಿಂತೆ ತಪ್ಪುತ್ತದೆ, ಆದರೆ ಮುಚ್ಚಿದ ಸಂದಿನ ಪಾತ್ರೆಯನ್ನು ಮೈಕ್ರೋವೇವ್‌ನಿಂದಲೂ ಒಲೆಯಿಂದಲೂ ದೂರವೇ ಇಡಬೇಕು. ಜಾಲಂಧ್ರದ ಪಾತ್ರೆಯ ಸಂದಿನಲ್ಲಿ ಸೇರುವ ಧೂಳನ್ನು ಮೆದು ಕುಂಚದಿಂದ ತೆಗೆದು, ಹರಿಯುವ ನೀರಿನಲ್ಲಿ ತೊಳೆದು, ತಲೆಕೆಳಗಾಗಿ ಆರಲು ಬಿಡಬೇಕು. ಪಾತ್ರೆಯನ್ನು ಇನ್ನೊಬ್ಬರಿಗೆ ಕೊಡುವಾಗ ಈ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಒಳ್ಳೆಯದು, ಹೊರಗಿನಿಂದ ನೋಡಿದವರಿಗೆ ಒಳಗೆ ಇನ್ನೊಂದು ಗೋಡೆ ಇರುವುದೇ ತಿಳಿಯದಿರಬಹುದು.